ಹದಿನೈದು ಗುಲಗಂಜಿ

ಸೂಜಿ ನನ್ನ ಕಸುಬು.
ಜಿಲ್ಲಾ ಆಸ್ಪತ್ರೆಯ ಒಂಬತ್ತನೇ ಕೋಣೆಯಲ್ಲಿ
ತೋಳಿಗೆ ರಬ್ಬರು ಬಿಗಿದು, ಬೆರಳ ತುದಿಯಿಂದ ನರ ಹುಡುಕಿ
"ಇರುವೆ ಕಚ್ಚಿದಂಗ, ಅಷ್ಟೇ" ಅನ್ನುವವಳು.
ಅಂಥವಳೂ ಸೂಪರ್ ಮಾರ್ಕೆಟ್ಟಿನಲ್ಲಿ
ಒಂದು ಸೂಜಿಯ ವಿಷಯಕ್ಕೆ ಮೋಸಹೋಗುತ್ತಿದ್ದೆ.

ಗಂಜಿನ ರದ್ದಿ ಅಂಗಡಿಯಲ್ಲಿ ಹನ್ನೊಂದು ತಟ್ಟೆ ಸಿಕ್ಕಿದ್ದವು,
ಕಿಲೋ ಲೆಕ್ಕದಲ್ಲಿ. ಎರಡು ಕಿಲೋ ನೂರು ಗ್ರಾಂ.
ಒಂದಕ್ಕೆ ಹೆಸರೇ ಇಲ್ಲ, ನಡುವಿನ ಕಾಗದ ಹುಳ ತಿಂದಿದೆ.

ಅಂಗಡಿಯ ಹುಡುಗ ಕೆಂಪು ಪೆಟ್ಟಿಗೆ ತೆರೆದ:
ನೀಲಿ ದೀಪ, ಬ್ಲೂಟೂತು, ಒಳಗೇ ಸ್ಪೀಕರು.
"ಇದರಾಗ ಎಲ್ಲಾ ಅದ ಮೇಡಂ, ಐದು ಸಾವಿರಕ್ಕ."
ತೋಳನ್ನು ಕಿರುಬೆರಳಲ್ಲಿ ಎತ್ತಿ ನೋಡಿದೆ.
ಹಿಂದೆ ತೂಕದ ಗುಂಡು ಇಲ್ಲ, ತಿರುಗಿಸಲು ಏನೂ ಇಲ್ಲ.
ನನಗೆ ತಿಳಿಯಲಿಲ್ಲ, ಕೈಗೆ ತಿಳಿಯಿತು:
ಹೊಸದಾಗಿ ಬಂದ ಟ್ರೇನಿಯ ಕೈ ಇದು, ಒತ್ತುತ್ತದೆ.

"ಅದು ಹಾಡು ಓದಂಗಿಲ್ಲ ಬೇಟಿ, ನೇಗಿಲು ಹೊಡೀತದ"
ಅಂದ ಷಾ ಬಜಾರಿನ ಖಮರುದ್ದೀನ್ ಮಿಸ್ತ್ರಿ,
ಬಿಚ್ಚಿಟ್ಟ ಫ್ಯಾನುಗಳ ನಡುವೆ ಕೂತು, ಚಹಾ ಆರಿಸುತ್ತ.
ಮೂಲೆಯಿಂದ ಎಳೆದು ತಂದ ಒಂದು ಜಪಾನಿ ಮೆಷಿನ್,
ಮುಚ್ಚಿಹೋದ ಟಾಕೀಸಿನದು. ಮೈ ಭಾರ, ತೋಳು ಹಗುರ.
ಬೆಲ್ಟು ಕರಗಿ ಬೆಲ್ಲದ ಪಾಕವಾಗಿತ್ತು.
"ಬೆಲ್ಟು ಹೈದರಾಬಾದಿಂದ ತರಸ್ತೀನಿ, ಅದೇನು ದೊಡ್ಡದಲ್ಲ.
ರೊಕ್ಕ ಸೂಜಿಗೆ ಉಳಿಸ್ಕೋ.
ಸವೆದರ ಮೊನೆ ಅಷ್ಟೇ ಬದಲಾಗೋದು ತಗೋ, ಪೂರಾ ಡಬ್ಬಿ ಅಲ್ಲ."

ದುಂಡು ಮೊನೆಯೋ, ಅಂಡಾಕಾರದ್ದೋ?
ದುಂಡು ಸಾದಾ ಮನುಷ್ಯ, ತಪ್ಪು ಕ್ಷಮಿಸುತ್ತದಂತೆ.
ಅಂಡಾಕಾರ ಗೆರೆಯ ಒಳಮೂಲೆಗೂ ಹೋಗುತ್ತದೆ,
ಕೂರಿಸುವಾಗ ಕೂದಲೆಳೆ ತಪ್ಪಿದರೂ ಮುನಿಸು.
"ನಿನ್ನ ಕೈ ನಡುಗ್ತದೇನು?"
ಕೈ ಚಾಚಿದೆ.
ಆತ ನೋಡಿದ, ಚಹಾ ಮುಗಿಸಿದ, ಅಂಡಾಕಾರದ್ದನ್ನೇ ಬರೆದುಕೊಂಡ.

ಸೂಜಿಗೆ ನಾಲ್ಕು ಸಾವಿರ, ಮೆಷಿನ್ನಿಗೆ ಆರು.
ಎರಡು ತಿಂಗಳು ಆಟೋ ಬಿಟ್ಟು ಸಿಟಿ ಬಸ್ಸು ಹಿಡಿದೆ.

ಕಾಗದ ಹೇಳುತ್ತದೆ, ಮೊನೆಯ ಭಾರ ಒಂದು ಪಾಯಿಂಟ್ ಎಂಟು ಗ್ರಾಂ.
ಮಿಸ್ತ್ರಿಯ ಕಾಟ ಕೆಟ್ಟಿತ್ತು. ಮೆಷಿನ್ ಮಡಿಲಲ್ಲಿಟ್ಟು
ಸರಾಫ್ ಬಜಾರಿಗೆ ಹೋದರೆ ಅಲ್ಲಿ ಕರೆಂಟು ಇಲ್ಲ.
ಮೋನಪ್ಪ ಪತ್ತಾರರು ಗಲ್ಲಾದ ಕೆಳಗಿಂದ
ಅಜ್ಜನ ತಕ್ಕಡಿ ತೆಗೆದರು, ಬಟ್ಟೆಯ ಗಂಟು ಬಿಚ್ಚಿದರು.
ಒಂದು ತಟ್ಟೆಗೆ ನನ್ನ ಸೂಜಿ ಇಳಿಯಿತು,
ಇನ್ನೊಂದಕ್ಕೆ ಗುಲಗಂಜಿ, ಒಂದೊಂದಾಗಿ, ಕೆಂಪು, ಕಪ್ಪು ಕಣ್ಣು.
ನಾನು ಹಿಂದಿನ ಗುಂಡು ತಿರುಗಿಸುತ್ತ ಹೋದೆ,
ಅವರು ಉಸಿರು ಹಿಡಿದು ಮುಳ್ಳು ನೋಡುತ್ತ ಹೋದರು.
ಹದಿನೈದಕ್ಕೆ ನಿಂತಿತು.
ಆ ಕೆಂಪು ಪೆಟ್ಟಿಗೆ ನಲವತ್ತು ಕೇಳುತ್ತಿತ್ತೇನೋ.
"ಇದರ ಮಜೂರಿ ಏನು ತಗೊಳ್ಳಲಿ" ಅಂತ ನಕ್ಕು
ಪತ್ತಾರರು ಒಂದು ಕಾಳು ನನ್ನ ಅಂಗೈಗಿಟ್ಟರು.

ಮನೆಯಲ್ಲಿ ಒಂದು ತುಂಡು ಶಹಾಬಾದ ಪರಸಿ ಇತ್ತು,
ಬಚ್ಚಲಿಗೆ ಹಾಸಿ ಉಳಿದದ್ದು. ಅದೇ ಪೀಠ.
ರಾತ್ರಿ ಲಾರಿ ಹೋದರೂ ಕಲ್ಲು ಕದಲುವುದಿಲ್ಲ.
ದಾಲ್ ಮಿಲ್ಲಿನ ಧೂಳಿಗೆ ಮೆತ್ತನೆಯ ಬ್ರಷ್ಷು.
ಪಡುವಣ ಗೋಡೆ ಮೇ ತಿಂಗಳಲ್ಲಿ ಹಂಚು, ತಟ್ಟೆಗಳನ್ನು
ಈಚೆ ಗೋಡೆಗೆ ನೆಟ್ಟಗೆ ನಿಲ್ಲಿಸಿದೆ.

ಹೆಸರಿಲ್ಲದ್ದನ್ನೇ ಮೊದಲು ಹಾಕಿದೆ.
ಸರ್ರನೆ ಗಾಳಿ. ತಂಬೂರಿ. ಒಬ್ಬ ಹೆಂಗಸಿನ ದನಿ,
ಯಾವ ರಾಗವೋ, ನನಗೆ ಅಷ್ಟು ಗೊತ್ತಾಗುವುದಿಲ್ಲ.
ಆಕೆ ಉಸಿರೆಳೆದುಕೊಳ್ಳುವ ಜಾಗದಲ್ಲಿ
ಯಾರೋ ಕೆಮ್ಮಿದರು.
ಆಕೆಯಲ್ಲ. ಎದುರಿಗೆ, ಎರಡನೆಯೋ ಮೂರನೆಯೋ ಸಾಲು,
ಗಂಡಸು, ಧೋತರದ ತುದಿ ಬಾಯಿಗೆ ಒತ್ತಿಕೊಂಡಂತೆ.
ತೋಳೆತ್ತಿ ಒಂದು ಬೆರಳು ಹಿಂದಕ್ಕೆ ಇಟ್ಟೆ. ಮತ್ತೆ ಕೆಮ್ಮಿದರು.
ಹದಿನಾಲ್ಕು ವರ್ಷ ಕಫದ ಡಬ್ಬಿಗೆ ಚೀಟಿ ಹಚ್ಚಿದವಳು ನಾನು,
ಇದು ಚಳಿಗಾಲದ ಕೆಮ್ಮಲ್ಲ,
ಎರಡು ವಾರ ದಾಟಿದ್ದು.

"ನಾಳೆ ಮುಂಜಾನೆ ಬರ್ರಿ," ಅಂದೆ ಕತ್ತಲಿಗೆ,
"ಒಂಬತ್ತನೇ ಕೋಣೆ. ಚಹಾ ಕುಡೀಬ್ಯಾಡ್ರಿ, ಬರೇ ಹೊಟ್ಟೀಲೆ."
ಆಕೆ ಮತ್ತೆ ಷಡ್ಜಕ್ಕೆ ಬಂದಳು.
ಅವರು ತಡೆದುಕೊಂಡು ಕೂತಿದ್ದಾರೆ, ಕೇಳಿಸುತ್ತಿದೆ.