ಕಳೆಯುವ ಗೆರೆ

ತ್ಬಿಲಿಸಿಯ ರಾತ್ರಿ ರೈಲು. ಗಡಿಯಲ್ಲಿ
ಪಾಸ್‌ಪೋರ್ಟಿನ ಜೊತೆ ನಾತೆಲಾಳ ನಿದ್ದೆಯನ್ನೂ ಇಸಿದುಕೊಂಡರು.
ಬೆಳಗ್ಗೆ ಯೆರೆವಾನ್, ನೆಲಮಾಳಿಗೆಯ ಕೋಣೆ,
ಇಪ್ಪತ್ತು ಲ್ಯಾಪ್‌ಟಾಪಿಗೆ ಎರಡೇ ಪ್ಲಗ್ಗು.

ಎರಡು ವರ್ಷದಿಂದ ಅವಳ ಪ್ರೋಗ್ರಾಮಿನಲ್ಲಿ
ಅಜ್ಜನ ಕಣಿವೆಯ ಹಿಮನದಿ ಬೆಳೆಯುತ್ತಲೇ ಇತ್ತು.
ಗೈಡಿಗೆ ಅನುಮಾನ.
ಅವಳಿಗೆ, ಒಳಗೊಳಗೇ, ಖುಷಿ.

ವಾರ್ದ್‌ಗೆಸ್ ಎಂಬ ಮುದುಕ
ಒಣ ಏಪ್ರಿಕಾಟ್ ಜಗಿಯುತ್ತ ಪರದೆಗೆ ಬಾಗಿದ,
ಇನ್ನೂರಹದಿನೇಳನೇ ಸಾಲಿನ ಮೇಲೆ ಅಂಟುಬೆರಳಿಟ್ಟ:
"ಇಲ್ಲಿ ಕೂಡಿದ್ದೀಯಲ್ಲ ಮಗಳೇ, ಕಳೆಯಬೇಕಿತ್ತು."

ಒಂದು ಗೆರೆ. ಅಷ್ಟೇ.
ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.
ನೀಲಿ ತೇಪೆ ಕುಗ್ಗಿ, ಕುಗ್ಗಿ,
ಇವಳಿಗೆ ನಲವತ್ತು ತುಂಬುವ ವರ್ಷಕ್ಕೆ
ಬರೀ ಕಲ್ಲು.

ಮರಳುವ ರೈಲಿನಲ್ಲಿ ಸರಿಯಾದದ್ದನ್ನು ಗೈಡಿಗೆ ಕಳಿಸಿದಳು.
ತಪ್ಪು ಲೆಕ್ಕವನ್ನು ಅಳಿಸಲಿಲ್ಲ;
'ಅಜ್ಜ' ಎಂದು ಹೆಸರಿಟ್ಟು ಮುಚ್ಚಿದಳು.
ತೊಡೆಯ ಮೇಲೆ ಲ್ಯಾಪ್‌ಟಾಪು
ಇನ್ನೂ ಬೆಚ್ಚಗಿತ್ತು.