ಮೂರನೇ ಉಸಿರು

ತಣ್ಣಗಿದ್ದಾಗ ಒಂದೇ ಎಳೆತಕ್ಕೆ ಏಳುತ್ತದೆ.
ಕಾದ ಮೇಲೆ ನಿಲ್ಲಿಸಿದರೆ ಮುಗಿಯಿತು,
ಸತ್ಯಾಗ್ರಹ.

ಪ್ಲಗ್ಗು ಎರಡೂ ಬದಲಿಸಿದೆವು. ಕಾಯಿಲ್ ಬದಲಿಸಿದೆವು.
ಪೆಟ್ರೋಲಿಗೆ ಎಣ್ಣೆ ಒಂದು ಮುಚ್ಚಳ ಹೆಚ್ಚು,
ಆಮೇಲೆ ಒಂದು ಮುಚ್ಚಳ ಕಮ್ಮಿ.
ಕೊಟ್ರೇಶಿ ಕಾರ್ಬುರೇಟರ್ ಬಿಚ್ಚಿ
ಹೆಂಡತಿಯ ಸೀರೆ ಪಿನ್ನಿನಲ್ಲಿ ಜೆಟ್ ತಿವಿದ.
ರೆಕ್ಕೆ ಮಾತ್ರ ಗೋಡೆಗೊರಗಿ
ಭಟ್ಟಿಯ ಬೂದಿ ಹೊದ್ದು
ನಮ್ಮನ್ನೇ ನೋಡುತ್ತಿತ್ತು.

ಶೆಡ್ಡು ಖುರ್ಷಿದಾಬಿಯದು,
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕೊನೇ ಸಾಲಿನಲ್ಲಿ.
ಬಾಡಿಗೆ ಕೇಳಿಲ್ಲ.
"ಹಾರಿದ ದಿನ ಕೊಡ್ರಿ" ಅಂದಿದ್ದಾಳೆ, ನಗದೆ.

ಇವತ್ತು ಬೂದಿ ಚೆಲ್ಲಲು ಬಂದವಳು ಬಾಗಿಲಲ್ಲೇ ನಿಂತಳು.
ಎಂಜಿನ್ ಇನ್ನೂ ಕೈ ಸುಡುತ್ತಿತ್ತು.
ಒಂದು ಪ್ಲಗ್ಗು ತೆಗೆದು
ಪ್ರೊಪೆಲ್ಲರನ್ನು ಕೈಯಲ್ಲೇ ತಿರುವುತ್ತಿದ್ದೆ:
ಫುಸ್. ಫುಸ್.

ಫುಸ್. ಫುಸ್.

"ಒಂದು ಅರಳ್ತಾ ಇಲ್ಲ ನೋಡು" ಅಂದಳು.

ಮೂವತ್ತು ವರ್ಷ ಕಾದ ಮರಳಿಗೆ ಕಿವಿ ಕೊಟ್ಟವಳು.
ನಾನು ಕೈಪಿಡಿ ಮುಚ್ಚಿಟ್ಟೆ.

ಬಿಚ್ಚಿದರೆ, ತ್ರಿಕೋನದ ಒಂದು ಮೂಲೆಯಲ್ಲಿ
ಸೀಲಿನಡಿ ಮಸಿ ಕಟ್ಟಿ
ಸ್ಪ್ರಿಂಗು ಕೂತೇಬಿಟ್ಟಿದೆ.
ಹುಬ್ಬಿನ ಕೂದಲಷ್ಟು ಬಾಗಬೇಕಾದದ್ದು,
ಬಾಗಿಲ್ಲ.
ತಣ್ಣಗಿದ್ದಾಗ ಎಣ್ಣೆಯೇ ಸಂದು ಮುಚ್ಚಿ
ಇಷ್ಟು ದಿನ ನಮಗೆ ಸುಳ್ಳು ಹೇಳಿದೆ,
ಒಳ್ಳೆಯ ನೆಂಟನ ಹಾಗೆ.

ಕೊಟ್ರೇಶಿ ಅದನ್ನು ಸೀಮೆಎಣ್ಣೆ ಬಟ್ಟಲಿಗೆ ಹಾಕಿ
ಮಾತಾಡದೆ ಉಜ್ಜುತ್ತಿದ್ದಾನೆ.
ಉಗುರಿನ ಸಂದಿಗೆ ಮಸಿ.
ನಾಳೆ ಮತ್ತೆ ಕಾಯಿಸಿ, ನಿಲ್ಲಿಸಿ, ಎಳೆದು ನೋಡಬೇಕು.
ಎದ್ದೀತೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಹೊರಡುವ ಮುಂಚೆ ಖುರ್ಷಿದಾಬಿ
ಸೆರಗಿನ ತುದಿಯಿಂದ ರೆಕ್ಕೆಯ ಬೂದಿ ಝಾಡಿಸಿದಳು,
ಬಾಡಿಗೆಯ ಲೆಕ್ಕ
ಇವತ್ತಿಂದ ಶುರು ಅನ್ನುವ ಹಾಗೆ.