ಕುಂಬಾರ ಹುಳ

ಗಣಿ ಮುಚ್ಚಿದ ಊರಿನಾಚೆ, ಸೈನೈಡ್ ದಿಬ್ಬದ ಬೂದಿಬೆಳಕಲ್ಲಿ
ಒಂದು ತಗಡಿನ ಶೆಡ್ಡು. ಒಳಗೆ ನಮ್ಮದು:
ಎರಡು ಸೀಟು, ಒಂದು ಎಂಜಿನ್ನು, ನನಗಿಂತ ಆರು ವರ್ಷ ಹಿರಿದು.
ನಮ್ಮದು ಅಂದರೆ ಮೂರರಲ್ಲೊಂದು ಪಾಲು ನನ್ನದು.
ಮಾಲೂರಿನ ಹೆಂಚಿನ ಫ್ಯಾಕ್ಟರಿಯವರು ರೆಕ್ಕೆ ನಮ್ಮದೆನ್ನುತ್ತಾರೆ,
ಮುಳಬಾಗಿಲಿನ ಕೋಳಿಫಾರಂ ಚೆಂಗಲರೆಡ್ಡಿ ಬಾಲ ತನ್ನದೆಂದು.
ಬಿಲ್ಲು ಬಂದಾಗ ಮಾತ್ರ ಇಡೀ ವಿಮಾನ ನನ್ನದು.

ಬಂಗಾರಪೇಟೆಯಲ್ಲಿ ನನಗೆ ಹಲ್ಲಿನ ಕ್ಲಿನಿಕ್ಕು.
ಯಾರ ಯಾರ ದವಡೆಹಲ್ಲು ಈ ಪ್ರೊಪೆಲ್ಲರಿನಲ್ಲಿ ತಿರುಗುತ್ತಿದೆಯೋ
ಲೆಕ್ಕವಿಟ್ಟಿಲ್ಲ.
ಹೋದ ವರ್ಷ ಎರಡು ಸಿಲಿಂಡರು ಬಿಚ್ಚಿದಾಗ
ಹದಿನೇಳು ರೂಟ್ ಕೆನಾಲ್ ಹೋದವು.

ಇವತ್ತು ಭಾನುವಾರ. ಮುನಿಲಕ್ಷ್ಮಮ್ಮ ಬಂದಿದ್ದಾಳೆ.
ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ಹತ್ತಿ, ಇಕ್ಕಳ, ನೀರು ಕೊಟ್ಟವಳು.
ಕನಕಾಂಬರ ಮುಡಿದು, ಸೆರಗಿಗೆ ಎರಡು ಪಿನ್ನು ಹೆಚ್ಚಿಗೆ ಚುಚ್ಚಿ,
"ಮೇಲೆ ಗಾಳಿ ಜೋರಿರ್ತದಲ್ವಾ ಡಾಕ್ಟ್ರೇ."
ಬೇತಮಂಗಲದ ಕೆರೆ ಮೇಲಿಂದ ನೋಡಬೇಕಂತೆ,
ತವರಿನ ಬಾವಿ ಕಂಡರೂ ಕಾಣಬಹುದಂತೆ.

ಸುತ್ತು ಹಾಕಿದೆ. ಎಡಬಾಗಿಲಿಂದ ಬಾಲಕ್ಕೆ, ಬಾಲದಿಂದ ಬಲರೆಕ್ಕೆಗೆ.
"ಅಪ್ರದಕ್ಷಿಣೆ" ಅಂದಳು ಅವಳು, ಮೆಲ್ಲಗೆ.
ಕೀಲು, ಕೀಲಿನ ಮೊಳೆ, ಮೊಳೆಗೆ ಬಿಗಿದ ತಂತಿ.
ಬಾಯಿಗಿಡುವ ಕನ್ನಡಿಯನ್ನೇ ರೆಕ್ಕೆಯ ಸಂದಿಗೂ ತೂರಿಸುತ್ತೇನೆ;
ಹುಳುಕು ಎಲ್ಲಿದ್ದರೂ ಹುಳುಕೇ.
ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲು ಹಿಡಿದು ಬೆಳಕಿಗೆತ್ತಿದೆ:
ತಿಳಿನೀಲಿ, ನೀರಿನ ಗುಳ್ಳೆಯಿಲ್ಲ.

ಆಮೇಲೆ ಎಡರೆಕ್ಕೆಯಡಿಯ ಆ ಸಣ್ಣ ಕೊಳವೆ,
ಎದುರುಗಾಳಿ ಕುಡಿದು ವೇಗ ಹೇಳುವ ಕೊಳವೆ.
ಅದರ ಬಾಯಲ್ಲಿ ಕೆಂಪು ಮಣ್ಣು.

ಮುಸುಕು ಹಾಕಲು ಯಾರೋ ಮರೆತಿದ್ದಾರೆ.
ಯಾರೋ ಅಂದರೆ ನಾನೇ, ಹೋದ ಭಾನುವಾರ.
ಎರಡು ಹನಿ ಬಿದ್ದದ್ದೇ ತಡ, ಕುಂಬಾರ ಹುಳ ಬಂದು
ಉಂಡೆಯುಂಡೆ ಹೊತ್ತು, ಬಾಗಿಲು ಮೆತ್ತಿ ಹೋಗಿದೆ.
ಏನು ನುಣುಪು! ನಾನು ತುಂಬುವ ಸಿಮೆಂಟೂ ಹಾಗೆ ಕೂರುವುದಿಲ್ಲ.

ಕೈ ತಾನಾಗಿ ಜೇಬಿಗೆ ಹೋಯಿತು, ಕೊಕ್ಕೆಮೊನೆಯ ಕಡ್ಡಿಗೆ.
"ಕೆದಕಬೇಡಿ" ಅಂದರು ಎಬಿನೇಜರ್ ಮಾಮ, ತಲೆಯೆತ್ತದೆ.
"ಅರ್ಧ ಹೊರಗೆ ಬರ್ತದೆ, ಅರ್ಧ ಒಳಗೆ ಹೋಗ್ತದೆ.
ಒಳಗೆ ಹೋದದ್ದು, ನೀವು ಮೇಲೆ ಹೋದ ಮೇಲೆ ಮಾತಾಡ್ತದೆ.
ಜಕ್ಕೂರಿನ ಎಂಜಿನಿಯರ್ ಬರಲಿ, ಬಿಚ್ಚಲಿ, ಹಿಂದಿನಿಂದ ಊದಲಿ, ಸಹಿ ಹಾಕಲಿ."
ಚಾಂಪಿಯನ್ ರೀಫಿನಲ್ಲಿ ಮೂವತ್ತು ವರ್ಷ ಉಕ್ಕಿನ ಹಗ್ಗ ನೋಡಿದವರು,
ಜನ ಇಳಿಯುವ ಮುಂಚೆ, ದಿನಾ, ಗೇಣು ಗೇಣಾಗಿ ಬೆರಳಾಡಿಸಿ.

ಆಕಾಶ ನೋಡಿದೆ. ಮೋಡದ ಚೂರಿಲ್ಲ.
ಗಾಳಿಚೀಲ ನಿದ್ದೆಹೋದ ತೋಳಿನಂತೆ ಜೋತಿತ್ತು.
ಮನಸ್ಸು ವಕೀಲನಾಯಿತು:
ವೇಗ ನಿನ್ನ ಕಿವಿಗೇ ಗೊತ್ತಲ್ಲ, ಇನ್ನೂರು ಗಂಟೆ ಹಾರಿದವಳಲ್ಲ,
ಬೇತಮಂಗಲ ಎಷ್ಟು ದೂರ, ಹತ್ತು ನಿಮಿಷ.
ನನ್ನ ಕುರ್ಚಿಯಲ್ಲಿ ಕೂರುವವರೂ ಹೀಗೇ:
ನೋವಿಲ್ಲವಲ್ಲ ಡಾಕ್ಟ್ರೇ, ಮುಂದಿನ ತಿಂಗಳು ನೋಡೋಣ.

ಮುನಿಲಕ್ಷ್ಮಮ್ಮನಿಗೆ ಹೇಳಿದೆ.
ಅವಳು ಕೊಳವೆಗೆ ಬಗ್ಗಿ ನೋಡಿದಳು, ಎಕ್ಸ್‌ರೇ ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ.
"ನಮ್ಮಮ್ಮ ಈ ಗೂಡು ಒಡೆಯೋಕೆ ಬಿಡ್ತಿರಲಿಲ್ಲ" ಅಂದಳು.
ಹೆಚ್ಚಿನ ಪಿನ್ನು ಎರಡೂ ಬಿಚ್ಚಿ ಬಳೆಗೆ ಸಿಕ್ಕಿಸಿಕೊಂಡಳು.

ರೆಕ್ಕೆಯ ನೆರಳಲ್ಲಿ ಕೂತು ಅವಳ ಚಿತ್ರಾನ್ನ ತಿಂದೆವು, ಮೂವರೂ.
ಲಾಗ್ ಪುಸ್ತಕದಲ್ಲಿ ಬರೆದೆ: ಹಾರಾಟ ಸೊನ್ನೆ.
ಕಾರಣ ಅನ್ನುವಲ್ಲಿ ಪೆನ್ನು ತುಸು ನಿಂತಿತು. ಮಣ್ಣು, ಎಂದು ಬರೆದೆ;
ಕೆಳಗೆ, ಮುಸುಕು ಹಾಕಿರಲಿಲ್ಲ, ಎಂದೂ.

ಶೆಡ್ಡಿನ ಬಾಗಿಲೆಳೆಯುವಾಗ ಅವಳು ಕೇಳಿದಳು:
"ಎಂಜಿನಿಯರ್ ಯಾವತ್ತು ಬರ್ತಾರೆ?"
ಗುರುವಾರ, ಅಂದೆ.
"ಅಷ್ಟರೊಳಗೆ ಅದಕ್ಕೆ ರೆಕ್ಕೆ ಬರ್ತದಾ?"